ಪಾಂಡಿಚೇರಿಗೆ ಹೋಗದ ಛತ್ರಿ

ನಾನು ಒಂದು ಛತ್ರಿ. ಮಡಚಿ ಚೀಲಕ್ಕೆ ತುರುಕುವ ಜಾತಿಯಲ್ಲ. ಬಾಗಿದ ಹಿಡಿ, ಉದ್ದನೆಯ ಉಕ್ಕಿನ ಕೋಲು, ಎಂಟು ಕಡ್ಡಿ, ಕಪ್ಪು ಬಟ್ಟೆ. ಹುಟ್ಟಿದ್ದು ಕಡಲ ಪಕ್ಕದ ಒಂದು ಕಾರ್ಖಾನೆಯಲ್ಲಿ. ನನಗೆ ಬಟ್ಟೆ ಹೊಲಿದ ಹೆಂಗಸು ಕಿಟಕಿಯಾಚೆಯ ಅಲೆಗಳ ಕಡೆ ಒಮ್ಮೆಯೂ ತಲೆಯೆತ್ತಲಿಲ್ಲ. ದಿನಾ ಇರುವುದನ್ನು ಯಾರು ನೋಡುತ್ತಾರೆ ಹೇಳಿ? ಅಲ್ಲಿಂದ ಲಾರಿ ಹತ್ತಿ ದಾವಣಗೆರೆಗೆ ಬಂದೆ. ಆ ಮಳೆಗಾಲ ನನ್ನನ್ನು ಯಾರೂ ಕೊಳ್ಳಲಿಲ್ಲ. ದಸರಾ ಕಳೆಯುತ್ತಲೇ ಅಂಗಡಿಯವನು ನನ್ನನ್ನು ಅಟ್ಟಕ್ಕೆ ಏರಿಸಿದ.

ನವೆಂಬರಿನಲ್ಲಿ ಕೊಟ್ರಮ್ಮ ಬಂದು ಛತ್ರಿ ಕೇಳಿದಾಗ ಅವನು ನಕ್ಕುಬಿಟ್ಟ.

"ಚಳಿಗಾಲದಾಗೆ ಛತ್ರಿ ಏನ್ ಮಾಡ್ತೀರಮ್ಮ?"

"ಪಾಂಡಿಚೇರಿಗೆ ಹೊಂಟೀವಪ್ಪ. ಅಲ್ಲಿ ಮಳಿ ಈಗ್ಲೇ ಅಂತೆ. ಪಕ್ಕದ್ಮನಿ ರುದ್ರಮ್ಮ ಹೋಗಿ ಬಂದಾಳ."

ಕೊಟ್ರಮ್ಮನಿಗೆ ಅರವತ್ತು ದಾಟಿತ್ತು, ಸಮುದ್ರ ನೋಡಿರಲಿಲ್ಲ. ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ವಾಪಸ್ ಬರುವುದಿಲ್ಲ, ನೋಡಬೇಕಾದ್ದನ್ನೆಲ್ಲ ಈ ವರ್ಷವೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆಕೆ ಕೇಳಿದ್ದು ಒಂದೇ, ಸಮುದ್ರ. ಪಾಂಡಿಚೇರಿಯಲ್ಲಿ ರಸ್ತೆ ಬದಿಯೇ ಕುಳಿತು ನೋಡಬಹುದು, ಮರಳಿಗಿಳಿದು ಮಂಡಿ ನೋಯಿಸಿಕೊಳ್ಳಬೇಕಿಲ್ಲ ಎಂದು ರುದ್ರಮ್ಮ ಹೇಳಿದ್ದಳು.

ಗಂಡ ಬಕ್ಕೇಶಪ್ಪ ಹತ್ತಿ ಮಿಲ್ಲಿನಲ್ಲಿ ಕೂಲಿಗಳ ಹಾಜರಿ ಹಿಡಿಯುತ್ತಿದ್ದವನು. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಗಡಿಯಾರ ಮಾತ್ರ ಅವನ ಮೈಯಿಂದ ಇಳಿದಿರಲಿಲ್ಲ. ಎರಡು ದಿನದ ಪ್ರವಾಸಕ್ಕೆ ಎರಡು ವಾರ ಕೂತು ಪಟ್ಟಿ ಬರೆದ. ಎದ್ದೇಳುವುದು ಇಷ್ಟಕ್ಕೆ, ಕಾಫಿ ಇಷ್ಟಕ್ಕೆ, ಐದೂಮುಕ್ಕಾಲಿಗೆ ಸಮುದ್ರ ನೋಡುವುದು! ಕೊನೆಯಲ್ಲಿ ಕೊಟ್ರಮ್ಮ ತಾನೇ ಪೆನ್ನು ತೆಗೆದುಕೊಂಡು, ಕಾಗದವನ್ನು ಮೂಗಿಗೆ ಹಿಡಿದು, "ಛತ್ರಿ" ಎಂದು ಬರೆದಳು.

ಹೊರಡುವ ದಿನ ಬಕ್ಕೇಶಪ್ಪ ಪಟ್ಟಿ ಓದುತ್ತಾ ಆ ಕೊನೆಯ ಸಾಲಿಗೆ ಬಂದು ನಿಂತ.

"ಇದ್ಯಾಕ?"

"ಅಲ್ಲಿ ಮಳಿ ಅಂತೆ ಕಣ್ರೀ."

"ಪಂಚಾಂಗ ನೋಡೀನಿ. ಸ್ವಾತಿ ಹೋತು, ವಿಶಾಖಿ ಹೋತು, ಅನುರಾಧನೂ ಹೋತು. ಇನ್ನೆಲ್ಲಿ ಮಳಿ? ಮೋಡಕ್ಕ ತಲಿ ಕೆಟ್ಟೈತೇನು?"

ನಮ್ಮ ಕಡೆಯವರಿಗೆ ಮಳೆ ನಕ್ಷತ್ರದ ಲೆಕ್ಕವೇ ಲೆಕ್ಕ. ಪಾಂಡಿಚೇರಿಯದು ಬೇರೆ ಕಡಲು, ಅದರ ಮಳೆಯೇ ಬೇರೆ ಎಂದು ನನಗೆ ಬಾಯಿದ್ದಿದ್ದರೆ ಕಿರುಚುತ್ತಿದ್ದೆ. ಅವನು ಪಟ್ಟಿಯಲ್ಲಿ ನನ್ನ ಹೆಸರಿಗೆ ಗೀಟು ಎಳೆದು, ನನ್ನನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ. ಒಂದು ಚೀಲ ಮಂಡಕ್ಕಿಗೆ ಜಾಗವಿತ್ತು, ನನಗೆ ಇರಲಿಲ್ಲ. ಪುಣ್ಯಾತ್ಮ ಬಾಗಿಲಿಗೆ ಬೀಗ ಹಾಕಿ ಎರಡು ಸಲ ಎಳೆದೂ ನೋಡಿದ.

ಅವರು ಬಂದ ಮರುದಿನವೇ ರುದ್ರಮ್ಮ ಓಡಿ ಬಂದಳು. "ಹೆಂಗಿತ್ತೇ ಸಮುದ್ರ?"

ಕೊಟ್ರಮ್ಮ ಅಕ್ಕಿ ಆರಿಸುತ್ತಿದ್ದಳು, ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ. "ಸಪ್ಪಳ ಕೇಳಿ ಬಂದೆ ಕಣೇ. ಎರಡು ದಿನ ಹಿಡಿದ ಮಳಿ ಬಿಡ್ಲಿಲ್ಲ. ಲಾಡ್ಜಿಂದ ಸಮುದ್ರ ನಾಕು ಓಣಿ ಅಷ್ಟೇ. ನೆನಕೊಂಡೇ ಹೋಗಣ ಅಂದೆ, ನೆಗಡಿ ಆಗ್ತತಿ ಅಂದ್ರು. ಕೆಳಗ ಅಂಗಡಿಯಾಗೆ ಛತ್ರಿ ನೇತುಹಾಕಿದ್ರು, ಒಂದು ತರ್ರಿ ಅಂದೆ."

"ಅದಕ್ಕೇನಂದ್ರು?"

"ಹೊಸಾದು ಮನ್ಯಾಗೆ ಐತಿ, ಇನ್ನೊಂದ್ಯಾಕ ಅಂದ್ರು."

ನಾನು ಮೊಳೆಯ ಮೇಲೆ ಕೇಳಿಸಿಕೊಂಡೆ. ಅಯ್ಯೋ, ನಾನಿಲ್ಲದ್ದಕ್ಕೆ ಆಕೆ ನೆನೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಇದ್ದೇನೆ ಅನ್ನುವ ಕಾರಣಕ್ಕೇ ಆಕೆ ಸಮುದ್ರ ನೋಡಲಿಲ್ಲ. ನನ್ನ ಬಟ್ಟೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅಷ್ಟು ನಾಚಿಕೆ ನನಗೆ ಇನ್ನೆಂದೂ ಆಗಿಲ್ಲ.

ಯುಗಾದಿಯ ಹೊತ್ತಿಗೆ ಆಕೆಗೆ ಬಾಗಿಲ ಚೌಕಟ್ಟು ತಿಳಿಯದಾಯಿತು. ಶ್ರಾವಣ ಬರುವಷ್ಟರಲ್ಲಿ ಬೆಳಕೂ ಹೋಯಿತು. ಗೋಡೆ ಸವರುತ್ತಾ ಹೋದ ಕೈಗೆ ಒಂದು ದಿನ ನಾನು ಸಿಕ್ಕೆ. ಅಂದಿನಿಂದ ನಾನು ಆಕೆಯ ಊರುಗೋಲು. ಹಿತ್ತಿಲಿಗೆ, ಬಚ್ಚಲಿಗೆ, ರುದ್ರಮ್ಮನ ಕಟ್ಟೆಗೆ ನಾನೇ ಮುಂದೆ. ಕಡ್ಡಿಗೆ ತುಕ್ಕು ಹಿಡಿದು ಈಗ ನಾನು ಬಿಚ್ಚಿಕೊಳ್ಳುವುದೂ ಇಲ್ಲ. ಛತ್ರಿಯಾಗಿ ಒಂದು ದಿನವೂ ಬಾಳದೆ ಮುದಿಯಾದೆ.

ಮೊನ್ನೆ ನವೆಂಬರಿನಲ್ಲಿ ಬಕ್ಕೇಶಪ್ಪ ಕಾಗದ ಹಿಡಿದು ಆಕೆಯ ಎದುರು ಕುಳಿತ. ಇತ್ತೀಚೆಗೆ ಅವನ ದನಿ ತಗ್ಗಿದೆ.

"ಈ ಸಲ ಹೋಗಿ ಬರಣ. ಪಟ್ಟಿ ಬರದೀನಿ, ಕೇಳು. ಮೊದಲ್ನೇದೇ ಛತ್ರಿ."

ಕೊಟ್ರಮ್ಮ ನನ್ನ ಹಿಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತಿದ್ದಳು.

"ಛತ್ರಿ ನನ್ನ ಕೈಯಾಗೇ ಐತಲ್ರೀ. ಎರಡ್ನೇದು ಕಣ್ಣು ಅಂತ ಬರಕಳ್ರಿ."

ಅವನು ಪೆನ್ನಿನ ಮುಚ್ಚಳ ತೆಗೆದ. ಆಮೇಲೆ ಹಾಗೆಯೇ ಮುಚ್ಚಿದ.