ಬಿಡಿಸಿ ಓದಿದ ಪದ

"ಪದ ಉದ್ದ ಇದೆ ಅಂತ ಹೆದರಬೇಡಿ. ಬಾಲದಿಂದ ಓದ್ಕೊಂಡು ಬನ್ನಿ," ಎನ್ನುತ್ತ ಶ್ರೀಗೌರಿ ಮೇಡಂ ಬೋರ್ಡಿನ ಮೇಲೆ ಇನ್ನೊಂದು ಪದ ಬರೆದರು. ಸಾಗರದ ಆ ನರ್ಸಿಂಗ್ ಶಾಲೆಯಲ್ಲಿ ಮೊದಲ ವರ್ಷದವರಿಗೆ ವೈದ್ಯಕೀಯ ಪದಗಳನ್ನು ತುಂಡು ಮಾಡಿ ಕಲಿಸುತ್ತಿದ್ದವರು ಅವರೇ. ಕೊನೆಯಲ್ಲಿ 'ಐಟಿಸ್' ಇದ್ದರೆ ಉರಿಯೂತ, 'ಎಕ್ಟಮಿ' ಇದ್ದರೆ ಕತ್ತರಿಸಿ ತೆಗೆದದ್ದು. ಅದಕ್ಕೂ ಮೊದಲು ಕೂತಿರುವುದು ಅಂಗದ ಹೆಸರು. ಸುಚಿತ್ರಾಗೆ ಈ ಕ್ಲಾಸೆಂದರೆ ಇಷ್ಟ. ನೋಟ್ಸಿನಲ್ಲಿ ಪ್ರತಿ ತುಂಡಿಗೂ ಬೇರೆ ಬಣ್ಣದ ಗೆರೆ ಎಳೆಯುತ್ತಿದ್ದಳು.

"'ಸಾಲ್ಪಿಂಗೋ' ಅಂದ್ರೆ ಗರ್ಭನಾಳ. ಹಾಗಾದ್ರೆ ಸಾಲ್ಪಿಂಜೆಕ್ಟಮಿ?"

"ಗರ್ಭನಾಳ ತೆಗೆಯೋದು ಮೇಡಂ," ಎಂದಳು ಪಕ್ಕದಲ್ಲಿದ್ದ ಅಪೇಕ್ಷಾ.

"ಅದರ ಮುಂದೆ ಬೈಲ್ಯಾಟರಲ್ ಅಂತ ಬಂದ್ರೆ?"

"ಎರಡೂ ಕಡೆದು."

ಸುಚಿತ್ರಾಳ ಕೈಯಲ್ಲಿದ್ದ ಪೆನ್ನು ನಿಂತಿತು. ಆ ಎರಡು ಪದಗಳು ಅವಳಿಗೆ ಐದು ವರ್ಷದಿಂದ ಬಾಯಿಪಾಠ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ತನಗೆ ಗೊತ್ತಿರುವ ಅತಿ ಉದ್ದದ ಇಂಗ್ಲಿಷ್ ಪದ ಎಂದು ಗೆಳತಿಯರೆದುರು ಸ್ಪೆಲ್ಲಿಂಗ್ ಸಮೇತ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದ್ದಳು. ಅದನ್ನು ಅವಳು ಕಲಿತದ್ದು ಕನ್ನಮ್ಮತ್ತೆಯ ಡಿಸ್ಚಾರ್ಜ್ ಚೀಟಿಯಿಂದ.

ಕನ್ನಮ್ಮ ಅವಳ ಅಪ್ಪ ಜಟ್ಟಪ್ಪನ ತಂಗಿ. ಮದುವೆಯಾಗಿ ಏಳು ವರ್ಷಕ್ಕೆ ಬಸಿರಾದಳು. ಎರಡು ತಿಂಗಳಾಗಿತ್ತೋ ಇಲ್ಲವೋ, ಒಂದು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಬಿದ್ದವಳನ್ನು ತೀರ್ಥಹಳ್ಳಿಯ ಆಸ್ಪತ್ರೆಗೆ ಹೊತ್ತೊಯ್ದರು. ಆಪರೇಷನ್ ಆಗಿ ಜೀವ ಉಳಿಯಿತು. ಮನೆಗೆ ಕಳಿಸುವ ದಿನ ಡಾಕ್ಟರು ಎಲ್ಲರನ್ನೂ ಕರೆದರು. ಹೊರಗಿನವರು, ಕನ್ನಡ ಅಷ್ಟಕ್ಕಷ್ಟೆ. ಇಂಗ್ಲಿಷ್ ಮೀಡಿಯಂ ಹುಡುಗಿ ಎಂದು ಜಟ್ಟಪ್ಪ ಮಗಳನ್ನು ಮುಂದೆ ತಳ್ಳಿದ. ಡಾಕ್ಟರು ಅವಳಿಗೇ ವಿವರಿಸಿದರು, ಚಿತ್ರ ಕೂಡ ಬರೆದರು. ಹತ್ತು ಮಾತಿನಲ್ಲಿ ಅವಳಿಗೆ ಹತ್ತಿದ್ದು ಮೂರೋ ನಾಲ್ಕೋ. ಕೊನೆಗೆ ಅವರು ಎಲ್ಲ ತಿಳಿಯಿತಾ ಎಂದು ಕೇಳಿದಾಗ ಅವಳು "ಎಸ್ ಸರ್" ಎಂದಳು. ಹಿಂದೆ ನಿಂತ ಅಪ್ಪನ ಮುಖ ಅರಳಿದ್ದು ನೋಡದೆಯೂ ಗೊತ್ತಾಗಿತ್ತು.

ಹೊರಗೆ ಬಂದ ಕೂಡಲೇ ಕನ್ನಮ್ಮನ ಗಂಡ ಹುಲಿಯಪ್ಪ ಮಾವ ಕೇಳಿದರು. "ಎಂತ ಅಂದ್ರು ಮಗಾ?"

"ಒಳಗೆ ಕೆಟ್ಟಿತ್ತಂತೆ. ತೆಗೆದಿದಾರಂತೆ."

"ಮುಂದೆ ಮಕ್ಳು ಮರಿ?"

"ಆಗುತ್ತಂತೆ," ಎಂದಳು. ಅಷ್ಟಕ್ಕೇ ನಿಲ್ಲಿಸಿದರೆ ಯಾರೂ ನಂಬಲಿಕ್ಕಿಲ್ಲ ಅನ್ನಿಸಿ, "ಸ್ವಲ್ಪ ತಡ ಆಗ್ಬೌದಂತೆ, ಅಷ್ಟೆ," ಎಂದು ಸೇರಿಸಿದಳು. ಅದು ಡಾಕ್ಟರ ಮಾತಾಗಿರಲಿಲ್ಲ. ಪೂರ್ತಿ ಅವಳದೇ.

ಆ ಮಾತನ್ನು ನಂಬಿಕೊಂಡು ಗಂಡಹೆಂಡತಿ ಐದು ವರ್ಷ ಕಾದಿದ್ದರು. ವರದಮೂಲದ ದೇವರಿಗೆ ಹರಕೆ ಹೊತ್ತರು. ನಾಟಿ ವೈದ್ಯರ ಕಷಾಯ ಕುಡಿದರು. ಬೇರೆ ಡಾಕ್ಟರಿಗೆ ತೋರಿಸಿ ಎಂದು ಯಾರಾದರೂ ಅಂದರೆ, ತಡವಾಗುತ್ತದೆಂದು ದೊಡ್ಡ ಡಾಕ್ಟರೇ ಹೇಳಿದ್ದಾರೆ ಎನ್ನುತ್ತಿದ್ದರು.

ಕ್ಲಾಸು ಮುಗಿದ ಮೇಲೆ ಸುಚಿತ್ರಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಪರಿಚಯದವರೊಬ್ಬರ ಕಥೆ ಎಂದು ವಿಷಯ ಹೇಳಿದಳು.

"ಗರ್ಭಕೋಶ ಇದೆಯಲ್ಲ? ಹಾಗಿದ್ರೆ ದಾರಿ ಪೂರ್ತಿ ಮುಚ್ಚಿಲ್ಲ," ಎಂದರು ಮೇಡಂ. "ಟೆಸ್ಟ್ ಟ್ಯೂಬ್ ಬೇಬಿ, ಪ್ರನಾಳ ಶಿಶು ಅಂತಾರಲ್ಲ, ಅದಕ್ಕೆ ಗರ್ಭನಾಳ ಬೇಕಾಗಲ್ಲ. ಆದ್ರೆ ವಯಸ್ಸು ಮುಖ್ಯ. ಎಷ್ಟೀಗ?"

"ಮೂವತ್ತೇಳು."

"ಮೂವತ್ತೇಳಾ? ಮತ್ತೆ ಐದು ವರ್ಷ ಇವರೆಲ್ಲ ಎಂತ ಮಾಡ್ತಿದ್ರು?"

ಅವಳು ತಲೆ ತಗ್ಗಿಸಿ ಹೊರಟುಬಂದಳು.

ಭಾನುವಾರ ಸಾಗರದಿಂದ ಹೊರಟು, ಹೊಸನಗರದಲ್ಲಿ ಬಸ್ಸು ಬದಲಿಸಿ ನಿಟ್ಟೂರಿನ ಕಡೆಯ ಅತ್ತೆಯ ಮನೆಗೆ ಹೋದಳು. ದಾರಿಯುದ್ದಕ್ಕೂ ಒಂದು ಸುಲಭದ ಮಾತು ಅವಳ ಜೊತೆಗೇ ಕೂತಿತ್ತು. ಡಾಕ್ಟರು ಆವತ್ತು ಸರಿಯಾಗಿ ಹೇಳಿರಲಿಲ್ಲ ಎಂದುಬಿಟ್ಟರಾಯಿತು. ಯಾರು ಹೋಗಿ ಕೇಳುತ್ತಾರೆ? ಸ್ಟಾಪು ಬರುವ ಹೊತ್ತಿಗೆ ಹಾಗೇ ಹೇಳುವುದೆಂದು ನಿರ್ಧರಿಸಿಯೂ ಬಿಟ್ಟಿದ್ದಳು.

ಕನ್ನಮ್ಮ ಅಂಗಳದಲ್ಲಿ ಹಲಸಿನ ಹಪ್ಪಳ ಒತ್ತುತ್ತಿದ್ದಳು. "ಬಾರೆ, ಬಿಸಿಲಲ್ಲಿ ಬಂದ್ಯಲೆ ಮಾರಾಯ್ತಿ! ಊಟ ಆತಾ?"

"ಆತು ಅತ್ತೆ. ನಿಮ್ಮ ಆಸ್ಪತ್ರೆ ಫೈಲ್ ಇತ್ತಲ, ಒಂದ್ಸಲ ಕೊಡ್ತೀರಾ?"

ಕನ್ನಮ್ಮ ಕೈ ಒರೆಸಿಕೊಂಡು ಒಳಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಫೈಲು ತಂದಳು. ಎರಡೂ ಪದ ಅಲ್ಲೇ ಇದ್ದವು. ಹಿಂಬದಿಯಲ್ಲಿ ಡಾಕ್ಟರು ಬರೆದ ಚಿತ್ರ. ಗರ್ಭಕೋಶದ ಎಡಕ್ಕೊಂದು, ಬಲಕ್ಕೊಂದು ನಾಳ. ಎರಡರ ಮೇಲೂ ಅಡ್ಡ ಗೀಟು. ಇದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತು ಅವಳ ಬಾಯಿಗೆ ಬರಲಿಲ್ಲ.

"ಅತ್ತೆ, ಇದ್ರಲ್ಲಿ ಬೇರೆ ಬರೆದಿದೆ. ಆವತ್ತು ನಂಗೆ ಅರ್ಥ ಆಗಿರ್ಲಿಲ್ಲ. ಬಸಿರು ನಿಂತ ನಾಳ ಒಡೆದಿತ್ತು, ಇನ್ನೊಂದೂ ಕೆಟ್ಟಿತ್ತು. ಎರಡೂ ಗರ್ಭನಾಳ ತೆಗೆದಿದಾರೆ. ಅದಿಲ್ದೆ ತಾನಾಗಿ ಬಸಿರು ನಿಲ್ಲಲ್ಲ."

ಕನ್ನಮ್ಮ ಹಿಟ್ಟಿನ ಉಂಡೆ ಮಣೆಯ ಮೇಲಿಟ್ಟು ಒತ್ತಿದಳು. ಹಪ್ಪಳ ಬಿಡಿಸಿ ಚಾಪೆಯ ಮೇಲೆ ಹಾಕಿದಳು. ಇನ್ನೊಂದು ಉಂಡೆಗೆ ಕೈ ಹಾಕಿ, ತೆಗೆದುಕೊಳ್ಳದೆ ಹಾಗೇ ಇಟ್ಟಳು.

"ಎರಡೂ?"

"ಎರಡೂ."

"ಸ್ವಲ್ಪ ತಡ ಅಂದಿದ್ರಲೆ ಡಾಕ್ಟ್ರು?"

"ಅವ್ರು ಅನ್ಲಿಲ್ಲ. ನಾನೇ ಸೇರಿಸಿದ್ದು."

ಕನ್ನಮ್ಮ ಕೈ ಒರೆಸಿಕೊಂಡು ಫೈಲು ಮುಚ್ಚಿದಳು.

"ತಿಳೀಲಿಲ್ಲ ಅಂದ್ರೆ ತಿಳೀಲಿಲ್ಲ ಅನ್ನಕಾಗಿತ್ತು."

"ನಾಚ್ಕೆ ಆತು ಅತ್ತೆ. ಎಲ್ರೂ ನನ್ನೇ ನೋಡ್ತಿದ್ರು."

"ನಿಂಗೆ ನಾಚ್ಕೆ ಆತು," ಎಂದಳು ಕನ್ನಮ್ಮ. ದನಿ ಏರಿರಲಿಲ್ಲ. "ಮದ್ವೆ ಮನೇಲಿ, ನಾಮಕರಣದಲ್ಲಿ, ಎಲ್ಲಿ ಹೋದ್ರೂ ಕೇಳೋರು. ಕೇಳ್ದೋರಿಗೆಲ್ಲ ಸ್ವಲ್ಪ ತಡ ಆಗುತ್ತಂತೆ ಅಂತ ನಗ್ತಾ ಹೇಳ್ತಿದ್ದೆ. ಐದು ವರ್ಷ ನಿನ್ನ ಮಾತೇ ಆಡ್ಕಂಡು ಬಂದೆ ನಾನು."

ಸುಚಿತ್ರಾಗೆ ಅಳು ಬಂತು. ಅಳುತ್ತಲೇ, ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಹೋಗಬಹುದು, ಇನ್ನೂ ದಾರಿಯಿದೆ, ಮೇಡಂ ಹೇಳಿದ್ದಾರೆ ಎಂದು ತಡವರಿಸಿದಳು. ಕನ್ನಮ್ಮ ಕೇಳಿಸಿಕೊಂಡಳು. ಆದರೆ ಹತ್ತಿರ ಕರೆಯಲಿಲ್ಲ, ಸುಮ್ಮನಿರು ಎನ್ನಲೂ ಇಲ್ಲ.

ಆಗಲೇ ಲಗೇಜ್ ಆಟೋ ಬಂದು ನಿಂತಿತು. ಹುಲಿಯಪ್ಪ ಇಳಿದು, "ಓ, ನರ್ಸಮ್ಮ ಬಂದೀಯಾ!" ಎಂದು ನಗುತ್ತ ಅಂಗಳದ ಮೂಲೆಯ ಹಂಡೆಯತ್ತ ಕಾಲು ತೊಳೆಯಲು ಹೋದರು.

ಸುಚಿತ್ರಾ ಅತ್ತೆಯ ಮುಖ ನೋಡಿದಳು. "ನೀವೇ ಹೇಳ್ತೀರಾ?"

"ನಾ ಹೇಳಲ್ಲ. ಆವತ್ತು ನೀನೇ ಹೇಳಿದ್ದು. ಇವತ್ತೂ ನೀನೇ ಹೇಳು. ಒಂದು ಮಾತೂ ಸೇರಿಸ್ಬೇಡ."

ಅವಳು ಎದ್ದು ಹೋಗಿ ಮಾವನ ಹಿಂದೆ ನಿಂತಳು. ಈ ಸಲ ಒಂದೊಂದೇ ಪದ ಬಿಡಿಸಿ ಹೇಳಿದಳು, ಕಟ್ಟಕಡೆಗೆ ತನ್ನ ಸುಳ್ಳನ್ನೂ. ಹುಲಿಯಪ್ಪ ತಿರುಗಲಿಲ್ಲ. ತಂಬಿಗೆ ಅದ್ದಿ ನೀರು ತೆಗೆದು ಎಡಗಾಲಿನ ಮೇಲೆ ಹುಯ್ದುಕೊಂಡರು. ಮತ್ತೆ ಅದ್ದಿದರು, ಮತ್ತೆ ಅದೇ ಕಾಲಿಗೆ ಹುಯ್ದರು. ಬಲಗಾಲು ಮಣ್ಣು ಮೆತ್ತಿಕೊಂಡು ಹಾಗೇ ಇತ್ತು. ನೀರು ಅಂಗಳದ ಇಳಿಜಾರಿನಲ್ಲಿ ಹರಿದು, ಹಪ್ಪಳದ ಚಾಪೆಯ ಅಂಚಿಗೆ ತಾಗುತ್ತಿದ್ದರೂ ಕನ್ನಮ್ಮ ಅದನ್ನು ಎಳೆದುಕೊಳ್ಳಲಿಲ್ಲ.