ಹೆಸರು ಸಿಗದ ಜಂತು

"ಇದರಾಗ ಕ್ಷಯ ಅಂತ ಎಲ್ಲಿ ಬರದೀರಿ? ಬಟ್ಟಿಟ್ಟು ತೋರಸ್ರಿ," ಎಂದು ಕಲ್ಲಣ್ಣ ದವಾಖಾನೆಯ ಬಿಲ್ಲನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಒತ್ತಿದ. ಮಡಚಿ ಮಡಚಿ ಆ ಕಾಗದ ಹರಿಯುವಂತಾಗಿತ್ತು.

ಬಸಯ್ಯ ಬೆರಳಿಡಲಿಲ್ಲ. ಕ್ಷಯವೆಂದು ಅದರಲ್ಲಿ ಬರೆದಿರಲೇ ಇಲ್ಲ. ರೋಗದ ಸಾಲಿನಲ್ಲಿದ್ದದ್ದು ಅವನ ಕೈಬರಹದ ಮೂರಂಕಿಯ ಒಂದು ನಂಬರು, ಅಷ್ಟೇ. ಸೊಲ್ಲಾಪುರದ ಆ ದವಾಖಾನೆಯಲ್ಲಿ ಡಾಕ್ಟರರು ಬರೆದ ರೋಗದ ಹೆಸರನ್ನು ದಪ್ಪ ಪುಸ್ತಕದಲ್ಲಿ ಹುಡುಕಿ, ಅದರ ನಂಬರನ್ನು ಕೇಸ್ ಪೇಪರಿನ ಮೇಲೂ ಬಿಲ್ಲಿನ ಮೇಲೂ ಹಾಕುವುದು ಅವನ ಕೆಲಸ. ಎಪ್ಪತ್ತೆರಡರಲ್ಲಿ ಎಂಟು ದಿನ ಪುಣೆಗೆ ಹೋಗಿ ಕಲಿತು ಬಂದಿದ್ದ. 'ಬಸಯ್ಯನ ಮುಂದೆ ಸೀನಬೇಡಿರಿ, ನಂಬರು ಹಾಕಿಬಿಟ್ಟಾನು' ಎಂದು ನರ್ಸುಗಳು ನಗುತ್ತಿದ್ದರು. ಆ ನಗೆ ಅವನಿಗೆ ಹಿತವಾಗಿಯೇ ಇತ್ತು.

"ಬರದಿಲ್ರಿ," ಎಂದ.

"ಮತ್ತ ಬೀಗರು ಬರದಾರ ಅಂತಾರಲ್ರಿ! ಕೂಸಿಗೆ ಐದು ತಿಂಗಳು. ತಾಯಿನ್ನ ನನ್ನ ಮನಿಗಿ ಕಳಿಸಿ ಕೂಸಿನ್ನ ತಾವು ಇಟಗೊಂಡಾರ. ಇವತ್ತಿಗೆ ಹದಿನೆಂಟು ದಿನಾತು."

ಬಾಗಿಲ ಬಳಿಯ ಬೆಂಚಿನ ಮೇಲೆ ಕಲ್ಲಣ್ಣನ ಮಗಳು ಗುರುಬಾಯಿ ಕೂತಿದ್ದಳು. ಬಾಣಂತನ ಮುಗಿಸಿ ಸೊಲ್ಲಾಪುರದ ಗಂಡನ ಮನೆಗೆ ಬಂದ ಎರಡೇ ವಾರಕ್ಕೆ ಚಳಿಜ್ವರ ಹಿಡಿದು, ಹನ್ನೆರಡು ದಿನ ಇದೇ ದವಾಖಾನೆಯಲ್ಲಿ ಮಲಗಿದ್ದವಳು. ಈಗ ಜ್ವರವಿಲ್ಲ, ಕೆಮ್ಮು ಮೊದಲಿನಿಂದಲೂ ಇರಲಿಲ್ಲ. ಅಕ್ಕಲಕೋಟದ ಆಚೆಯ ತವರಿನಲ್ಲಿ ಕೂತು, ಬತ್ತಿ ಹೋಗಬಾರದೆಂದು ದಿನಕ್ಕೆ ನಾಲ್ಕು ಸಲ ಎದೆಹಾಲು ಹಿಂಡಿ ತುಳಸಿಕಟ್ಟೆಗೆ ಚೆಲ್ಲುತ್ತಿದ್ದಳು.

ಕ್ಷಯದ ಮಾತು ಎಲ್ಲಿಂದ ಹುಟ್ಟಿತು ಎಂಬುದು ಬಸಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಬಿಲ್ಲು ಕಟ್ಟಲು ಬಂದಿದ್ದವರು ಅವಳ ಮಾವ, ಚಾದರದ ವ್ಯಾಪಾರಿ ಸಾತಲಿಂಗಪ್ಪ. ಮಾಲು ಯಾವುದೆಂದು ತಿಳಿಯದೆ ದುಡ್ಡು ಕೊಟ್ಟವರಲ್ಲ ಅವರು. "ಈ ನಂಬರ್ ಎದರದು?" ಎಂದು ಕೇಳಿದ್ದರು. 'ಜ್ವರದ್ದು' ಎಂದರೆ ಮುಗಿದುಹೋಗುತ್ತಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹಾಗೆ ಬಸಯ್ಯ ಉಮೇದಿನಿಂದ ಪುಸ್ತಕವನ್ನೇ ಬಿಚ್ಚಿದ. ಒಳಬದಿಗೆ ತಾನೇ ಮರಾಠಿಯಲ್ಲಿ ಬರೆದು ಅಂಟಿಸಿದ ಯಾದಿಯನ್ನು ತೋರಿಸಿದ. ಮೊದಲನೆಯ ಭಾಗ, ಜಂತುಗಳಿಂದ, ಅಂದರೆ ರೋಗಾಣುಗಳಿಂದ, ಬರುವ ರೋಗಗಳು. ಕೆಳಗೆ ಗುರುಬಾಯಿಯ ನಂಬರು: ಜಂತು, ಯಾವುದೆಂದು ತಿಳಿದಿಲ್ಲ. ಸಾತಲಿಂಗಪ್ಪನವರ ಬೆರಳು ಅಲ್ಲಿಂದ ಮೆಲ್ಲಗೆ ಮೇಲಕ್ಕೆ ಹತ್ತಿತು. ಕುಷ್ಠ. ಪ್ಲೇಗು. ಕ್ಷಯ. ಅಲ್ಲಿ ನಿಂತಿತು. ದುಡ್ಡು ಎಣಿಸಿಟ್ಟು ಹೋದರು.

"ಕ್ಷಯ ಅಲ್ಲ ಅಂತ ಒಂದು ಕಾಗದ ಬರದು ಕೊಡ್ರಿ, ಸಾಹೇಬ್ರ. ಅಷ್ಟಾದ್ರ ಸಾಕು," ಎಂದ ಕಲ್ಲಣ್ಣ.

ಅವಳಿಗೆ ಔಷಧ ಕೊಟ್ಟ ಡಾಕ್ಟರು ಕೆಲಸ ಬಿಟ್ಟು ಮುಂಬಯಿಗೆ ಹೋಗಿಯಾಗಿತ್ತು. ಬಸಯ್ಯ ಕೇಸ್ ಪೇಪರು ಹಿಡಿದು ದೊಡ್ಡ ಡಾಕ್ಟರರ ಮುಂದೆ ನಿಂತ. ಅವರು ಕನ್ನಡಕ ಏರಿಸಿ ಓದಿದರು. ಎದೆಯ ಎಕ್ಸ್‌ರೇ ಸ್ವಚ್ಛವಾಗಿತ್ತು. ಪರೀಕ್ಷೆಗೆ ತೆಗೆದ ರಕ್ತದಲ್ಲಿ ಯಾವ ಜಂತೂ ಬೆಳೆದಿರಲಿಲ್ಲ, ದವಾಖಾನೆಗೆ ಬರುವ ಮೊದಲೇ ಯಾರೋ ಗುಳಿಗೆ ನುಂಗಿಸಿದ್ದರು.

"ಏನು ಆಗಿತ್ತು ಅಂತ ಬರೆಯಬಹುದು, ಬಸಯ್ಯ. ಏನು ಆಗಿರಲಿಲ್ಲ ಅಂತ ನಾನು ನೋಡದ ಪೇಶಂಟಿಗೆ ಹೇಗೆ ಬರೆಯಲಿ? ನಿನ್ನ ಪುಸ್ತಕದಲ್ಲಿ ಅದಕ್ಕೆ ನಂಬರಿದೆಯೇ?"

ಇರಲಿಲ್ಲ. ಒಂಬೈನೂರು ಚಿಲ್ಲರೆ ನಂಬರುಗಳಲ್ಲಿ ಅದೊಂದು ಇರಲಿಲ್ಲ. ಎಕ್ಸ್‌ರೇ ವರದಿಯ ನಕಲಿಗೆ ಶಿಕ್ಕಾ ಹೊಡೆದು ಕೊಟ್ಟರು. ಬಸಯ್ಯ ಅರ್ಧ ದಿನದ ರಜೆ ಹಾಕಿ ತಂದೆ ಮಗಳ ಜೊತೆ ತಾನೇ ಹೊರಟ. ತಪ್ಪು ತನ್ನದೆಂದು ಅವರಿಗೆ ಹೇಳುವ ಧೈರ್ಯ ಬರಲಿಲ್ಲ, ಜೊತೆಗೆ ನಡೆಯುವ ಧೈರ್ಯವಷ್ಟೇ ಬಂತು.

ಸಾತಲಿಂಗಪ್ಪನವರದು ಕೆಳಗೆ ದುಕಾನು, ಮೇಲೆ ಮನೆ. ಗುರುಬಾಯಿ ಹಳೆಯ ರೂಢಿಯಂತೆ ಒಳಗಿನ ಮೆಟ್ಟಿಲ ಕಡೆಗೆ ತಿರುಗಿದವಳು ಅಪ್ಪನ ಮುಖ ನೋಡಿ ಹೊರಗೇ ನಿಂತಳು. ಸಾತಲಿಂಗಪ್ಪನವರು ಗಾದಿಯಿಂದ ಎದ್ದು ಬೀಗನಿಗೆ ನಮಸ್ಕಾರ ಮಾಡಿ ನೀರು ಕೊಡಿಸಿದರು. ವರದಿಯನ್ನು ಎರಡು ಸಲ ಓದಿದರು.

"ಎದಿ ಸ್ವಚ್ಛ ಅದ ಅಂತ ಬರದಾರ. ಛಲೋ ಆತು. ಮತ್ತ ಜ್ವರ ಎದರಿಂದ ಬಂತು?"

"ಯಾವುದೋ ಜಂತಿನಿಂದರಿ. ಯಾವುದು ಅಂತ ಸಿಗಲಿಲ್ಲ," ಎಂದ ಬಸಯ್ಯ.

"ಯಾವುದು ಅಂತ ಗೊತ್ತಿಲ್ಲಂದ ಮ್ಯಾಲ, ಅದಲ್ಲ ಅಂತ ಹ್ಯಾಂಗ ಗೊತ್ತಾತು? ಯಾದಿ ನೀವ ತೋರಿಸೀರಿ ನನಗ. ಒಂದ ಗಾಂಠಿನ್ಯಾಗ ಕಟ್ಟಿದ ಚಾದರ. ಮ್ಯಾಲಿನದಕ್ಕ ಹುಳ ಹತ್ತಿದ್ರ, ಕೆಳಗಿಂದು ಸಾಫ್ ಅದ ಅಂತ ಗಿರಾಕಿಗಿ ಯಾರ ಹೇಳ್ತಾರ?"

ಕಲ್ಲಣ್ಣ ತಟ್ಟನೆ ಬಸಯ್ಯನ ಕಡೆ ತಿರುಗಿದ. ಬಸಯ್ಯ ನೆಲ ನೋಡಿದ.

"ಅದು ಗಾಂಠಲ್ರಿ, ಬರೇ ಯಾದಿರಿ. ಹೆಸರಿಗೆ ನಂಬರ ಹಚ್ಚಾಕ ಮಾಡಿದ್ದು," ಎಂದ. ಅವನಿಗೇ ಆ ಮಾತು ಬಡವಾಗಿ ಕೇಳಿಸಿತು.

"ನಮ್ಮ ತಮ್ಮ ಮಿರಜಿನ್ಯಾಗ ರಕ್ತ ಕಾರಿ ಸತ್ತ. ಅವನಿಗೂ ಮೊದಲ ಬರೇ ಜ್ವರ ಅಂದಿದ್ರು." ಎಂದು ಸಾತಲಿಂಗಪ್ಪನವರು ವರದಿಯನ್ನು ಮಡಚಿಟ್ಟರು. ಅವರು ಕೆಟ್ಟವರಲ್ಲ, ಹೆದರಿದವರು. ಹೆದರಿದವರೊಡನೆ ಜಗಳವಾಡಲು ಕಲ್ಲಣ್ಣನಿಗೆ ಬರುತ್ತಿರಲಿಲ್ಲ. "ಮನ್ಯಾಗ ಇದೊಂದ ಕೂಸು, ಬೀಗರ. ಅದಲ್ಲ ಅಂತ ಶಿಕ್ಕಾ ಹೊಡಸಿಕೊಂಡು ಬರ್ರಿ, ನಾನ ನಿಮ್ಮೂರಿಗಿ ಬಂದು ಕರಕೊಂಡು ಹೋಗ್ತೀನಿ."

"ಕೂಸಿನ್ನ ಒಂದ ಸಲ ತೋರಸ್ರಿ, ಮಾವ. ದೂರಿಂದ ನೋಡ್ತೀನಿ," ಎಂದಳು ಗುರುಬಾಯಿ ಹೊರಗಿನಿಂದ.

ಅಷ್ಟರಲ್ಲೇ ಮೇಲೆ ಕೂಸು ಎದ್ದು ಅಳತೊಡಗಿತು. ಹಸಿವಿನ ಅಳು. ಗುರುಬಾಯಿ ಎರಡು ಕೈಯಿಂದ ಎದೆಯನ್ನು ಅವುಚಿಕೊಂಡು ದುಕಾನಿಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿದಳು. ಕಲ್ಲಣ್ಣ ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಮಗಳ ಕಡೆ ನೋಡದೆಯೇ ಚಾಚಿದ. ಮೇಲೆ ಅತ್ತೆ ಕಸ್ತೂರಬಾಯಿ "ಬಂದೆ ರಾಜಾ, ಬಂದೆ" ಎನ್ನುತ್ತಿದ್ದಳು. ಹಾಲಿನ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಬಟ್ಟಲಿಗೆ ಚಮಚೆ ತಾಗಿತು.

ಅಳು ನಿಂತಿತು. ಗುರುಬಾಯಿಯ ಕುಪ್ಪಸ ಮಾತ್ರ ತೊಯ್ಯುತ್ತಲೇ ಇತ್ತು.