ಎಣ್ಣೆ ಡಬ್ಬದಲ್ಲಿ ಹೋದ ಹಳ್ಳದ ನೀರು

ಆಲಿವ್ ಕೊಯ್ಲಿನ ಕಾಲದಲ್ಲಿ ನಮ್ಮ ಹಳ್ಳದ ನೀರು ಎಷ್ಟು ಕಪ್ಪು ಅಂದ್ರೆ, ಅದರಲ್ಲಿ ಬಿದ್ದ ಕಾಗೇನ ಹುಡುಕೋಕೆ ಹಗಲಲ್ಲೂ ಲಾಂದ್ರ ಬೇಕಿತ್ತು. ನಗಬೇಡಿ. ಹಾಜಿ ಮಿಲೂದನ ಎಣ್ಣೆ ಗಾಣದ ಕೊಳಚೆಯೆಲ್ಲ ಬರ್ತಿದ್ದಿದ್ದು ಅಲ್ಲಿಗೇ. ಒಲೆಗೆ ಹಸಿ ಹಿಂಡಿ ಬೇರೆ ಹಾಕ್ತಿದ್ದ. ಆ ಹೊಗೆಗೆ ನನ್ನ ಹೇಸರಗತ್ತೆ ನನಗಿಂತ ಜೋರಾಗಿ ಕೆಮ್ಮುತ್ತಿತ್ತು.

ಹಳ್ಳದ ದಂಡೇಲಿ ನನ್ನ ಪಕ್ಕದ ಮನೆ ಯಾಮ್ನಾಳ ಬಾವಿ. ಆ ಬಾವಿ ನೀರಲ್ಲೇ ಪುದೀನ ಬೆಳೆದು ಸಂತೇಲಿ ಮಾರ್ತಿದ್ಲು. ಬಾವಿ ನೀರು ಕಂದಾಗೋಕೆ ಶುರುವಾದಾಗ, ಪಟ್ಟಣದ ನೀರಿನ ಇಲಾಖೇಲಿ ಕೆಲಸ ಮಾಡೋ ಅವಳ ತಂಗಿ ರಕೀಯಾ ಬಂದು ಯಾಮ್ನಾಳ ಗಂಡ ಹಮ್ಮಾದಿಗೆ ಹೇಳಿದ್ಲು.

"ಭಾವ, ಅನುಮತಿ ಇಲ್ಲದೆ ಹಳ್ಳಕ್ಕೆ ಕೊಳಚೆ ಬಿಡಂಗಿಲ್ಲ. ಮೊರಾಕೊ ದೇಶಕ್ಕೆಲ್ಲ ಒಂದೇ ಕಾನೂನು. ಹೊಗೆಗೂ ಕಾನೂನಿದೆ. ಫೋನ್ ಮಾಡಿ. ನಮ್ಮೋರೇ ಬಂದು ಸೀಸೆಗೆ ನೀರು ತುಂಬಿಸಿ, ಸೀಲ್ ಹಾಕಿ ಪರೀಕ್ಷೆಗೆ ಒಯ್ತಾರೆ."

"ಇಲಾಖೆ ಜೀಪು ನಮ್ಮನೆ ಮುಂದೆ ನಿಂತ್ರೆ ಹಾಜಿ ನಮ್ಮ ಆಲಿವ್ ಹಿಂಡ್ತಾನೇನಮ್ಮ? ನಾನೇನು ಹಲ್ಲಲ್ಲಿ ಕಡಿದು ಎಣ್ಣೆ ತೆಗೀಲಾ?" ಅಂದ ಹಮ್ಮಾದಿ.

"ಬಾವಿ ಕೆಟ್ಟ ಮೇಲೆ ಎಣ್ಣೇನೇ ಕುಡೀರಿ," ಅಂದ್ಲು ಯಾಮ್ನಾ.

ಹಮ್ಮಾದಿ ಬುದ್ಧಿವಂತ ಅಲ್ವಾ! ಯಾರಿಗೂ ಹೇಳದೆ ತಾನೇ ಹಳ್ಳದ ನೀರು ತುಂಬಿಸಿಕೊಂಡು ಬಸ್ ಹತ್ತಿದ, ಇಲಾಖೇಲಿ ಕೊಟ್ಟು ಬಂದ.

ಇಪ್ಪತ್ತು ದಿನಕ್ಕೆ ರಕೀಯಾ ತಿರುಗಿ ಬಂದ್ಲು. "ಭಾವ, ನೀರು ಯಾವುದರಲ್ಲಿ ತಂದ್ರಿ?"

"ಎಣ್ಣೆ ಡಬ್ಬದಲ್ಲಿ. ಸೋಪು ಹಾಕಿ ಮೂರು ಸಲ ತೊಳ್ದಿದ್ದೆ!"

"ಅಯ್ಯೋ ನನ್ನ ಭಾವ! ಹಳ್ಳದ ಎಣ್ಣೆ ಯಾವುದು, ನಿಮ್ಮನೆ ಎಣ್ಣೆ ಯಾವುದು? ಅದು ಸಾಕ್ಷಿಗೆ ಬರಲ್ಲ ಅಂದ್ಬಿಟ್ರು."

"ಈ ಊರಲ್ಲಿ ಎಣ್ಣೆ ಮುಟ್ಟದ ಪಾತ್ರೆ ಎಲ್ಲಿದೆಯಮ್ಮ?"

"ಅದಕ್ಕೇ ಅವರನ್ನ ಕರೀರಿ ಅಂದಿದ್ದು."

ಆಮೇಲೆ ಕರೆದ್ರು. ಅಷ್ಟೊತ್ತಿಗೆ ಕೊಯ್ಲು ಮುಗಿದು ಗಾಣ ನಿಂತಿತ್ತು, ಮಳೆ ಬಂದು ಹಳ್ಳ ಕನ್ನಡಿ ಆಗಿತ್ತು. ಹಾಜಿ ಎಲ್ಲರೆದುರು ಬೊಗಸೆ ತುಂಬ ನೀರು ಕುಡಿದು, "ಜೇನು ಸಾಹೇಬ್ರೆ, ಜೇನು!" ಅಂದ. ಜೀಪು ಬಂದ ದಾರೀಲೇ ವಾಪಸ್ ಹೋಯ್ತು.

ಆದ್ರೆ ಬಾವಿ ತಿಳಿಯಾಗಲಿಲ್ಲ. ಪುದೀನ ಬೇರಿಂದಲೇ ಕೊಳೀತು. ಸಂತೆಗೆಲ್ಲ ಪುದೀನ ಕೊಡ್ತಿದ್ದೋಳು ಮನೆಗೆ ಬಂದೋರಿಗೆ ಪುದೀನ ಇಲ್ಲದ ಬರೀ ಸಕ್ಕರೆ ಚಹಾ ಕೊಟ್ಟು ತಲೆ ತಗ್ಗಿಸಿದ್ಲು.

ಮುಂದಿನ ಕೊಯ್ಲಲ್ಲಿ ಕಪ್ಪು ನೀರು ಬಂದ ಮೊದಲನೇ ದಿನವೇ ಹಮ್ಮಾದಿ ದಂಡೆ ಮೇಲೆ ನಿಂತು ಫೋನ್ ಮಾಡಿದ. "ಜೀಪು ನಮ್ಮನೆ ಮುಂದೇನೇ ನಿಲ್ಲಿಸಿ," ಅಂದ. ಅವರು ಬಂದ್ರು, ಸೀಸೆಗೆ ನೀರು ತುಂಬಿಸಿ ಸೀಲ್ ಹಾಕಿದ್ರು, ಕೇಸು ಬರೆದ್ರು. ಹಾಜಿ ಈಗ ಕೊಳಚೆಗೆ ಬೇರೆ ಹೊಂಡ ಕಟ್ಟಿಸಿದ್ದಾನೆ, ಹಸಿ ಹಿಂಡಿ ಸುಡೋದು ಬಿಟ್ಟಿದ್ದಾನೆ. ಹಮ್ಮಾದಿಯ ಆಲಿವ್ ಮಾತ್ರ ಮುಟ್ಟಲ್ಲ. ಅದು ನನ್ನ ಹೇಸರಗತ್ತೆ ಮೇಲೆ ಎರಡು ಗುಡ್ಡ ದಾಟಿ ಬೇರೆ ಗಾಣಕ್ಕೆ ಹೋಗುತ್ತೆ.

ದಿನಾ ಬೆಳಗ್ಗೆ ಹಮ್ಮಾದಿ ಬಾವಿಯಿಂದ ಒಂದು ಕೊಡ ಸೇದ್ತಾನೆ, ಮೂಸ್ತಾನೆ, ಇನ್ನೂ ನಾತ ಅಂತ ಚೆಲ್ತಾನೆ. "ನಿಮ್ಮ ಮೂಗಿಗೆ ಬುದ್ಧಿ ಬರೋಕೆ ಒಂದು ವರ್ಷ ಬೇಕಾಯ್ತು," ಅಂತಾಳೆ ಯಾಮ್ನಾ.

ಕೇಳ್ತಿರೋರೇ, ನಾನು ಬಾಯಿ ಬಿಟ್ರೆ ಸುಳ್ಳು ಅಂತ ಊರೇ ಹೇಳುತ್ತೆ. ಬೇಕಾದ್ರೆ ಬಂದು ಆ ಬಾವಿ ಮೂಸಿ ನೋಡಿ. ನಿಮ್ಮೂರಲ್ಲೂ ಕೊಳಚೆ ಹರೀತಿದ್ರೆ, ಹೊಗೆ ಕಕ್ತಿದ್ರೆ, ಇಲಾಖೆಯೋರನ್ನ ಕರೀರಿ. ಹರೀತಿರೋವಾಗಲೇ ಕರೀರಿ, ನಿಂತ ಮೇಲಲ್ಲ. ಕಾನೂನಿಗೆ ಮೂಗಿಲ್ಲ, ನಿಮಗಿದೆ.